ಪೌತಿ ಖಾತೆ: ಅಣ್ಣನಿಗೆ ಐದಕ್ಕೆ ನಾಲ್ಕು, ತಂಗಿಗೆ ಐದಕ್ಕೆ ಎರಡು

ಜಮೀನಿನ ಯಜಮಾನ ತೀರಿಕೊಂಡ ಮೇಲೆ ಪಹಣಿಯಿಂದ ಅವನ ಹೆಸರು ತೆಗೆದು ವಾರಸುದಾರರ ಹೆಸರು ಕೂರಿಸುವ ಕೆಲಸವೇ ಪೌತಿ ಖಾತೆ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ವಾರಸಾ ಅನ್ನುತ್ತಾರೆ, ಪಹಣಿಗೆ ಉತಾರ. ಕಂದಾಯ ಇಲಾಖೆಯ ಸೇವೆಗಳಲ್ಲಿ ಜಮೀನಿರುವ ಪ್ರತಿ ಮನೆಗೂ ಒಂದಲ್ಲ ಒಂದು ದಿನ ಬೇಕಾಗುವುದು ಇದೇ. ಒಂದೇ ಸೇವೆಗೆ ಎರಡು ಥರ ಅಂಕ ಯಾಕೆ ಎಂದರೆ, ಅರ್ಜಿ ಹಾಕಿದ್ದು ಮಗನೋ ಮಗಳೋ ಎನ್ನುವುದರ ಮೇಲೆ ಸೇವೆಯ ನಡೆಯೇ ಬದಲಾಗುತ್ತದೆ. ಮಗಳು ಸಹಿ ಹಾಕಿ ಹಿಂದೆ ಸರಿದರೆ ಕಡತ ಓಡುತ್ತದೆ. ನನಗೂ ಪಾಲು ಬೇಕು ಅಂದರೆ ನಿಲ್ಲುತ್ತದೆ. ಪಿತ್ರಾರ್ಜಿತದಲ್ಲೂ ಇಬ್ಬರೂ ಸಮ ಎಂದು ದೇಶದ ಕಾನೂನು ಬರೆದು ಇಪ್ಪತ್ತು ವರ್ಷ ದಾಟಿದೆ.

ಚೆನ್ನಾಗಿರುವುದನ್ನು ಮೊದಲು ಹೇಳಿಬಿಡೋಣ. ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ತಂತ್ರಾಂಶ ಬರುವ ಮುಂಚೆ ಪಹಣಿ ಶ್ಯಾನುಭೋಗರ, ಆಮೇಲೆ ಗ್ರಾಮ ಲೆಕ್ಕಿಗರ ಗಂಟಿನಲ್ಲಿ ಇರುತ್ತಿತ್ತು. ತಿದ್ದಿದ್ದು ಯಾರು, ಯಾವಾಗ ಎಂದು ತಿಳಿಯುವ ದಾರಿ ಇರಲಿಲ್ಲ. ಈಗ ಅರ್ಜಿಗೆ ನಂಬರು ಬೀಳುತ್ತದೆ, ಮೊದಲು ಬಂದದ್ದು ಮೊದಲು ಎನ್ನುವ ಸರದಿ ಇದೆ, ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಮಗಳು ತವರಿನ ಸರ್ವೆ ನಂಬರ್ ಹಾಕಿ ಪಹಣಿಯನ್ನು ಫೋನಿನಲ್ಲೇ ನೋಡಬಹುದು. ಇದು ಸಣ್ಣ ಅನುಕೂಲವಲ್ಲ. ಅಣ್ಣ ಯಾವಾಗ ಖಾತೆ ಮಾಡಿಸಿಕೊಂಡ ಎಂಬುದು ಹಿಂದೆಲ್ಲ ತಂಗಿಗೆ ಹತ್ತು ವರ್ಷ ಕಳೆದು, ಯಾರದೋ ಮದುವೆ ಮನೆಯಲ್ಲಿ ಗೊತ್ತಾಗುತ್ತಿತ್ತು.

ಬೇಕಾಗುವ ಕಾಗದ ನಾಲ್ಕೇ ಬಗೆ: ಮರಣ ಪ್ರಮಾಣಪತ್ರ, ವಂಶವೃಕ್ಷ, ಈಗಿನ ಪಹಣಿ, ವಾರಸುದಾರರೆಲ್ಲರ ಆಧಾರ್ ಪ್ರತಿ. ಅರ್ಜಿ ನಾಡಕಚೇರಿಯಲ್ಲಿ ಅಥವಾ ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ. ಹಕ್ಕು ಬಂದ ಮೂರು ತಿಂಗಳೊಳಗೆ ವರದಿ ಮಾಡಬೇಕು ಎನ್ನುತ್ತದೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 128ನೇ ಕಲಂ. ಮೂರು ತಿಂಗಳಿರಲಿ, ಮುತ್ತಾತನ ಹೆಸರಿನಲ್ಲೇ ಪಹಣಿ ಉಳಿದುಕೊಂಡ ಮನೆಗಳು ಊರೂರಿಗೂ ಇವೆ. ಹಾಗೆ ಎರಡು ತಲೆಮಾರು ಬಾಕಿ ಇದ್ದರೆ ವಂಶವೃಕ್ಷವನ್ನು ಅಪ್ಪನಿಂದ ಅಲ್ಲ, ಪಹಣಿಯಲ್ಲಿ ಹೆಸರಿರುವ ವ್ಯಕ್ತಿಯಿಂದ ಶುರು ಮಾಡಬೇಕು. ಆಗ ಸೋದರತ್ತೆಯರೂ ಲೆಕ್ಕಕ್ಕೆ ಬರುತ್ತಾರೆ.

ಇಡೀ ಸೇವೆಯ ಗುಟ್ಟು ಇರುವುದು ಈ ವಂಶವೃಕ್ಷ ಎಂಬ ಒಂದು ಹಾಳೆಯಲ್ಲಿ. ಮೇಲೆ ಮೂಲಪುರುಷನ ಹೆಸರು, ಕೆಳಗೆ ಗೆರೆ ಎಳೆದು ಹೆಂಡತಿ, ಅದರ ಕೆಳಗೆ ಮಕ್ಕಳು. ಗಂಡುಮಕ್ಕಳ ಹೆಸರಿನಿಂದ ಮತ್ತೆ ಗೆರೆ ಇಳಿದು ಸೊಸೆ, ಮೊಮ್ಮಕ್ಕಳವರೆಗೆ ಹೋಗುತ್ತದೆ. ಹೆಣ್ಣುಮಕ್ಕಳ ಗೆರೆ ಅಲ್ಲಿಗೇ ನಿಂತು, ಪಕ್ಕದಲ್ಲಿ ‘ಮದುವೆಯಾಗಿದೆ’ ಎಂದು ಬರೆದಿರುತ್ತದೆ. ಕೆಲವು ಹಾಳೆಗಳಲ್ಲಿ ಹೆಸರೇ ಇರುವುದಿಲ್ಲ. ಇದನ್ನು ಬರೆದುಕೊಡುವುದು ಅರ್ಜಿದಾರರೇ, ಜೊತೆಗೆ ನೋಟರಿ ಮುಂದೆ ಒಂದು ಅಫಿಡವಿಟ್ಟು. ಗ್ರಾಮ ಆಡಳಿತಾಧಿಕಾರಿ ಊರಲ್ಲಿ ವಿಚಾರಿಸಿ ದೃಢೀಕರಿಸಬೇಕು. ವಿಚಾರಣೆ ಎಂದರೆ ಸಾಮಾನ್ಯವಾಗಿ ಅಕ್ಕಪಕ್ಕದ ಇಬ್ಬರು ಮೂವರ ಸಹಿ. ಇಪ್ಪತ್ತೈದು ವರ್ಷದ ಹಿಂದೆ ಬೇರೆ ಜಿಲ್ಲೆಗೆ ಮದುವೆಯಾಗಿ ಹೋದ ಹುಡುಗಿಯನ್ನು ಪಂಚರು ನೆನಪಿಸಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಕಂಪ್ಯೂಟರಿಗೆ ಗೊತ್ತಿರುವುದು ಹಾಳೆಯಲ್ಲಿ ಇದ್ದಷ್ಟೇ. ಭೂಮಿ ತಂತ್ರಾಂಶ ಎಷ್ಟೇ ಚೊಕ್ಕವಾಗಿದ್ದರೂ ಬಾಗಿಲಲ್ಲೇ ಮಗಳನ್ನು ಬಿಟ್ಟು ಬಂದರೆ ಒಳಗೆ ಹುಡುಕುವವರು ಯಾರೂ ಇಲ್ಲ.

ಹಾಗಾಗಿ ಮೊದಲ ಕೆಲಸ: ಅಣ್ಣತಮ್ಮಂದಿರು ಮಾಡಿಸುವವರೆಗೆ ಕಾಯದೆ, ವಂಶವೃಕ್ಷ ದೃಢೀಕರಣಕ್ಕೆ ಮಗಳೇ ನಾಡಕಚೇರಿಯಲ್ಲಿ ಅರ್ಜಿ ಹಾಕಬಹುದು. ಹಾಕಲಿ. ಎಲ್ಲರ ಹೆಸರನ್ನೂ ಬರೆಯಲಿ. ತನ್ನನ್ನು ಬಿಟ್ಟವರನ್ನು ತಾನು ಬಿಡುವುದರಿಂದ ಏನೂ ಗಿಟ್ಟುವುದಿಲ್ಲ. ತೀರಿಕೊಂಡ ಅಕ್ಕನಿದ್ದರೆ ಅವಳ ಹೆಸರು, ತೀರಿದ ದಿನ, ಅವಳ ಮಕ್ಕಳ ಹೆಸರೂ ಬೇಕು.

ಇನ್ನೊಂದು ತೊಡಕು ಹೆಸರಿನದೇ. ತವರಿನ ಶಾಲೆ ದಾಖಲೆಯಲ್ಲಿ ಒಂದು ಹೆಸರು, ಮದುವೆಯಾದ ಮೇಲೆ ಇಟ್ಟ ಹೆಸರು ಬೇರೆ, ಆಧಾರ್‌ನಲ್ಲಿ ಗಂಡನ ಹೆಸರು ಮಾತ್ರ. ‘ಇವರೇ ಅವರ ಮಗಳು ಎನ್ನುವುದಕ್ಕೆ ಏನಿದೆ’ ಎಂಬ ಒಂದು ಸಾಲಿನ ಷರಾ ಬರೆದು ಅರ್ಜಿ ವಾಪಸು ಕಳಿಸುತ್ತಾರೆ. ಗಂಡುಮಕ್ಕಳಿಗೆ ಈ ಪ್ರಶ್ನೆ ಬರುವುದೇ ಇಲ್ಲ, ಅವರ ಹೆಸರಿನ ಪಕ್ಕ ಅಪ್ಪನ ಹೆಸರು ಹುಟ್ಟಿದಾಗಿನಿಂದ ಅಲುಗಾಡಿಲ್ಲ. ಶಾಲೆಯ ವರ್ಗಾವಣೆ ಪತ್ರ ಅಥವಾ ಅಂಕಪಟ್ಟಿ, ಅಪ್ಪನ ಹಳೆಯ ಪಡಿತರ ಚೀಟಿ, ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ಟು, ಇವು ಮೂರು ಜೊತೆಗಿದ್ದರೆ ಆ ಷರಾ ಬರುವುದು ಕಡಿಮೆ.

ಅರ್ಜಿ ಒಳಗೆ ಹೋದ ಮೇಲೆ ನೋಟಿಸ್. ಊರ ಚಾವಡಿಯಲ್ಲೋ ಪಂಚಾಯಿತಿಯ ಹಲಗೆಯಲ್ಲೋ ಅಂಟಿಸುತ್ತಾರೆ, ಹಿತಾಸಕ್ತಿ ಇರುವವರಿಗೂ ಕಳಿಸಬೇಕು. ಅಂಟಿಸಿದ್ದು ತವರೂರಲ್ಲಿ, ಓದಬೇಕಾದವಳು ಗಂಡನ ಊರಲ್ಲಿ. ಸೇವೆಯ ಅತಿ ದುರ್ಬಲ ಕೊಂಡಿ ಇದು. ಈಚೆಗೆ ಇ-ಪೌತಿ ಎಂದು ಅಧಿಕಾರಿಗಳೇ ಮನೆ ಬಾಗಿಲಿಗೆ ಬರುವ ಅಭಿಯಾನ ನಡೆಯುತ್ತಿದೆ. ಬರುವುದು ಒಳ್ಳೆಯದೇ, ಆದರೆ ಬರುವ ಬಾಗಿಲು ಅಣ್ಣನದು. ಪೌತಿ ವಿಚಾರಕ್ಕೆ ಎಂದು ಫೋನಿನಲ್ಲಿ ಒಟಿಪಿ ಕೇಳಿದರೆ ತಂಗಿ ಕೇಳಬೇಕಾದ್ದು ಎರಡೇ: ಯಾವ ಸರ್ವೆ ನಂಬರ್, ಯಾರ ಯಾರ ಹೆಸರಿಗೆ? ಉತ್ತರ ಬರುವವರೆಗೆ ಒಟಿಪಿ ಹೇಳಬೇಕಾದ್ದಿಲ್ಲ.

ಈಗ ಲೆಕ್ಕ. 3 ಎಕರೆ 30 ಗುಂಟೆ ಪಿತ್ರಾರ್ಜಿತ ಜಮೀನು, ಅಂದರೆ 150 ಗುಂಟೆ. ಅಪ್ಪ ತೀರಿಕೊಂಡಿದ್ದಾನೆ, ಅಮ್ಮ ಅದಕ್ಕೂ ಮೊದಲೇ ಹೋಗಿದ್ದಾಳೆ, ಉಯಿಲು ಇಲ್ಲ. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಹಳೆಯ 6ನೇ ಕಲಂ ಪ್ರಕಾರ ಮೊದಲು ಅಪ್ಪ ಮತ್ತು ಇಬ್ಬರು ಗಂಡುಮಕ್ಕಳ ನಡುವೆ ಕಾಲ್ಪನಿಕ ವಿಭಾಗ, ಅಂದರೆ ಅಪ್ಪ ಸಾಯುವ ಮುಂಚೆಯೇ ಪಾಲಾಗಿತ್ತು ಎಂದು ಭಾವಿಸುವುದು: ತಲಾ 50 ಗುಂಟೆ. ಅಪ್ಪನ 50 ಮಾತ್ರ ನಾಲ್ವರಿಗೂ ಹಂಚಿಕೆ: ತಲಾ ಹನ್ನೆರಡೂವರೆ. ಗಂಡುಮಗನಿಗೆ ಒಟ್ಟು ಅರವತ್ತೆರಡೂವರೆ ಗುಂಟೆ, ಮಗಳಿಗೆ ಹನ್ನೆರಡೂವರೆ. 2005ರ ತಿದ್ದುಪಡಿಯ ನಂತರ ಮಗಳೂ ಹುಟ್ಟಿನಿಂದ ಸಹದಾಯಾದಿ, ಅಂದರೆ ಮಗನಂತೆಯೇ ಪಿತ್ರಾರ್ಜಿತದ ಪಾಲುದಾರಳು. ಅಪ್ಪ ಸೇರಿ ಐದು ಪಾಲು, ತಲಾ 30. ಅಪ್ಪನ 30 ಮತ್ತೆ ನಾಲ್ಕು ಭಾಗ, ತಲಾ ಏಳೂವರೆ. ಎಲ್ಲರಿಗೂ ಮೂವತ್ತೇಳೂವರೆ. ಮಗಳ ಪಾಲು ಮೂರು ಪಟ್ಟಾಯಿತು, ಮಗನದು ಇಪ್ಪತ್ತೈದು ಗುಂಟೆ ಇಳಿಯಿತು. ಮನೆಗಳಲ್ಲಿ ನಡೆಯುವ ಅಷ್ಟೂ ಮಾತುಕತೆ, ಮುನಿಸು, ರಾಜಿ ಪಂಚಾಯಿತಿ ಎಲ್ಲ ಆ ಇಪ್ಪತ್ತೈದು ಗುಂಟೆಯ ಸುತ್ತಲೇ. ಅಪ್ಪನ ಸ್ವಯಾರ್ಜಿತವಾದರೆ ಈ ಯಾವ ಗೊಡವೆಯೂ ಇಲ್ಲ. 1956ರ ಜೂನ್ 17ರಿಂದಲೇ 8ನೇ ಕಲಂ ಪ್ರಕಾರ ಮಗ, ಮಗಳು, ಹೆಂಡತಿ, ಬದುಕಿದ್ದರೆ ತಾಯಿ, ಎಲ್ಲರೂ ಸಮ. ತಾಯಿಯ ಕಡೆಯಿಂದ ಆಸ್ತಿ ಇಳಿಯುವ ತುಳುನಾಡಿನ ಅಳಿಯಸಂತಾನದ ಕುಟುಂಬಗಳ ಲೆಕ್ಕ ಬೇರೆಯೇ, 7ನೇ ಕಲಂ ನೋಡಬೇಕು.

ಹನ್ನೆರಡೂವರೆ ಮೂವತ್ತೇಳೂವರೆ ಆಗುವುದಕ್ಕೆ ಹಿಡಿದ ಕಾಲ ಕಡಿಮೆಯದಲ್ಲ. ಗಂಡುಮಕ್ಕಳಿಗೆ ಮಾತ್ರ ಹುಟ್ಟಿನಿಂದ ಹಕ್ಕು ಎನ್ನುವ ಪದ್ಧತಿಗೆ ಆಧಾರವಾದ ಮಿತಾಕ್ಷರ ಎಂಬ ಗ್ರಂಥ ಹುಟ್ಟಿದ್ದು ನಮ್ಮ ಕಲ್ಯಾಣದಲ್ಲೇ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನ ಕೈಯಲ್ಲಿ. ಅದನ್ನು ಸ್ವಲ್ಪ ಸಡಿಲಿಸಿದವರಲ್ಲಿ ಮೊದಲಿಗರೂ ಇಲ್ಲಿಯವರೇ: ಮೈಸೂರು ಸಂಸ್ಥಾನದ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ವಿಭಾಗದ ಹೊತ್ತಿಗೆ ಮದುವೆಯಾಗದ ಮಗಳಿಗೆ ಅಣ್ಣನ ಪಾಲಿನ ಕಾಲು ಭಾಗ ಕೊಟ್ಟಿತು. ಹಿಂದೂ ಕಾನೂನನ್ನು ಒಂದುಗೂಡಿಸಲು ಬ್ರಿಟಿಷ್ ಸರ್ಕಾರ ನೇಮಿಸಿದ ಸಮಿತಿಯ ಅಧ್ಯಕ್ಷರು ಕರಾವಳಿ ಮೂಲದ ಬೆನಗಲ್ ನರಸಿಂಗ ರಾವ್, ಮುಂದೆ ಸಂವಿಧಾನ ಸಭೆಯ ಸಲಹೆಗಾರರಾದವರು. ಹಂಸಾ ಮೆಹ್ತಾ, ದುರ್ಗಾಬಾಯಿ, ಅಮ್ಮು ಸ್ವಾಮಿನಾಥನ್ ಮೊದಲಾದ ಮಹಿಳೆಯರೂ ಕೂತಿದ್ದ ಆ ಸಭೆ 14 ಮತ್ತು 15ನೇ ವಿಧಿಗಳನ್ನು ಬರೆದು ಲಿಂಗದ ಕಾರಣಕ್ಕೆ ಭೇದ ಮಾಡಬಾರದು ಎಂದಿತು. ಆದರೆ ಆ ಮಾತು ಸರ್ಕಾರಕ್ಕೆ ತಗುಲಿದಂತೆ ಅಡುಗೆಮನೆಗೆ, ಕಣಕ್ಕೆ ತಗುಲಲಿಲ್ಲ. 1951ರಲ್ಲಿ ಬಾಂಬೆ ಹೈಕೋರ್ಟು ನರಸು ಅಪ್ಪಾ ಮಾಳಿ ಪ್ರಕರಣದಲ್ಲಿ, ವೈಯಕ್ತಿಕ ಕಾನೂನನ್ನು ಮೂಲಭೂತ ಹಕ್ಕಿನ ಒರೆಗೆ ಹಚ್ಚುವಂತಿಲ್ಲ ಎಂದುಬಿಟ್ಟಿತು. ಅದೇ ವರ್ಷ, ಹಿಂದೂ ಕಾನೂನನ್ನು ಒಂದುಗೂಡಿಸುವ ಹಿಂದೂ ಕೋಡ್ ಬಿಲ್ ಮುಂದೆ ಸಾಗದೆ ಅಂಬೇಡ್ಕರ್ ಸಚಿವ ಸ್ಥಾನ ಬಿಟ್ಟರು. ಬಿಲ್ಲನ್ನು ತುಂಡು ಮಾಡಿ ತಂದ 1956ರ ಕಾಯ್ದೆಯಲ್ಲಿ ಪಿತ್ರಾರ್ಜಿತದ ಬಾಗಿಲು ಅರ್ಧವೇ ತೆರೆಯಿತು.

ಕರ್ನಾಟಕ ತನ್ನ ತಿದ್ದುಪಡಿಯನ್ನು 1994ರ ಜುಲೈ 30ರಿಂದ ಜಾರಿಗೆ ತಂದಿತು, ಆದರೆ ಅಷ್ಟರಲ್ಲಿ ಮದುವೆಯಾದವರನ್ನು ಹೊರಗಿಟ್ಟು. ಒಂದೇ ಮನೆಯಲ್ಲಿ ಜೂನ್‌ನಲ್ಲಿ ಧಾರೆಯಾದ ಅಕ್ಕ ಹೊರಗೆ, ಡಿಸೆಂಬರ್‌ನಲ್ಲಿ ಧಾರೆಯಾದ ತಂಗಿ ಒಳಗೆ. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಬಂದು ಆ ಗೆರೆ ಅಳಿಸಿತು. ಆಮೇಲೂ ಹದಿನೈದು ವರ್ಷ ‘ಅಪ್ಪ ಆ ದಿನ ಬದುಕಿದ್ದನೋ ಇಲ್ಲವೋ’ ಎಂಬ ಜಗ್ಗಾಟ. 2015ರಲ್ಲಿ ಪ್ರಕಾಶ್ ವಿರುದ್ಧ ಫುಲವತಿ ಪ್ರಕರಣದಲ್ಲಿ ಬದುಕಿರಬೇಕು ಎಂದ ಸುಪ್ರೀಂ ಕೋರ್ಟು, 2018ರ ದಾನಮ್ಮ ಪ್ರಕರಣದಲ್ಲಿ 2001ರಲ್ಲಿ ತೀರಿಕೊಂಡ ಅಪ್ಪನ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. ಎರಡೂ ಕರ್ನಾಟಕದಿಂದ ಹೋದ ವ್ಯಾಜ್ಯಗಳೇ. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ತೀರ್ಪಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ಅಪ್ಪ ಬದುಕಿರಬೇಕಾಗಿಲ್ಲ ಎಂದು ಇತ್ಯರ್ಥ ಮಾಡಿತು.

ಇಷ್ಟಾದರೂ ಒಂದು ದಿನಾಂಕ ನೆನಪಿರಲಿ: 2004ರ ಡಿಸೆಂಬರ್ 20. ಅದಕ್ಕೆ ಮೊದಲು ನೋಂದಾಯಿತ ವಿಭಾಗ ಪತ್ರದಿಂದ ಅಥವಾ ಕೋರ್ಟಿನ ಡಿಕ್ರಿಯಿಂದ ಆಗಿಹೋದ ವಿಭಾಗವನ್ನು ಅಲ್ಲಾಡಿಸುವಂತಿಲ್ಲ. ಹಾಗಾಗಿಯೇ ಪಾಲು ಕೇಳಿದ ಮಾರನೆ ದಿನ ಬೀರುವಿನಿಂದ 1998ರ ಪಾಲುಪಟ್ಟಿಯೊಂದು ಹೊರಗೆ ಬರುತ್ತದೆ. ಬಿಳಿ ಹಾಳೆ ಅಥವಾ ಛಾಪಾ ಕಾಗದ, ನಾಲ್ಕು ಸಾಕ್ಷಿ, ನೋಂದಣಿ ಇಲ್ಲ. ಬಾಯಿಮಾತಿನ ವಿಭಾಗವನ್ನು ಸರ್ಕಾರಿ ದಾಖಲೆಗಳ ಬಲವಾದ ಆಧಾರವಿದ್ದರೆ ಮಾತ್ರ, ಅದೂ ಅಪರೂಪಕ್ಕೆ, ಒಪ್ಪಬಹುದು ಎಂದಿದೆ ವಿನೀತಾ ಶರ್ಮಾ ತೀರ್ಪು. ಪಾಲುಪಟ್ಟಿ ನೋಡಿ ಹೆದರುವ ಮೊದಲು ಆ ಕಾಲದ ಪಹಣಿ, ಎಂ.ಆರ್. (ಖಾತೆ ಬದಲಾವಣೆಯ ವಹಿ) ಪ್ರತಿ ತೆಗೆಸಿ ನೋಡಬೇಕು. 1998ರಲ್ಲಿ ಭಾಗವಾಗಿದ್ದರೆ 1999ರ ಪಹಣಿಯಲ್ಲಿ ಹೆಸರು ಬೇರೆಯಾಗಿರಬೇಕಿತ್ತಲ್ಲ?

ಸೇವೆ ಅತಿ ವೇಗವಾಗಿ ನಡೆಯುವುದು ಹಕ್ಕು ಬಿಡುಗಡೆ ಪತ್ರ ಇದ್ದಾಗ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮನೆಯವರ ನಡುವಿನ ಬಿಡುಗಡೆಗೆ ಮುದ್ರಾಂಕ ಶುಲ್ಕವೂ ಹಗುರ. ಅರ್ಧ ಗಂಟೆಯಲ್ಲಿ ಫೋಟೊ, ಬೆರಳಚ್ಚು ಮುಗಿದು ಮೂವತ್ತೇಳೂವರೆ ಗುಂಟೆ ಸೊನ್ನೆಯಾಗುತ್ತದೆ. ಪತ್ರದಲ್ಲಿ ‘ಅರಿಶಿನ ಕುಂಕುಮಕ್ಕೆಂದು’ ಒಂದು ಮೊತ್ತ ನಮೂದಾಗಿರುತ್ತದೆ. ಮನಸ್ಸಿದ್ದು ಬಿಟ್ಟುಕೊಡುವವರನ್ನು ಯಾರೂ ತಡೆಯಬೇಕಿಲ್ಲ. ಗೌರಿ ಹಬ್ಬದ ಬಾಗಿನ, ಬಾಣಂತನ, ಕಷ್ಟಕ್ಕೆ ತವರು ಎನ್ನುವುದಕ್ಕೂ ಒಂದು ಬೆಲೆ ಇದೆ, ಅದನ್ನು ಲೆಕ್ಕ ಹಾಕುವವಳು ಅವಳೇ. ಆದರೆ ಸಹಿಗೆ ಮೊದಲು ಷೆಡ್ಯೂಲ್, ಅಂದರೆ ಬಿಟ್ಟುಕೊಡುವ ಆಸ್ತಿಗಳ ಪಟ್ಟಿ, ಓದಲೇಬೇಕು. ಮನೆ ಮಾತ್ರ ಬಿಡುತ್ತೇನೆಂದು ಬಂದವಳ ಪತ್ರದಲ್ಲಿ ‘ಹಾಗೂ ಕುಟುಂಬದ ಇತರೆ ಎಲ್ಲ ಸ್ಥಿರಾಸ್ತಿಗಳು’ ಎಂಬ ನಾಲ್ಕೈದು ಪದ ಕೊನೆಯಲ್ಲಿ ಸೇರಿಕೊಂಡಿದ್ದರೆ ಎಲ್ಲವೂ ಹೋಯಿತು. ಮೋಸದಿಂದ ಬರೆಸಿಕೊಂಡದ್ದಾದರೆ ರದ್ದತಿಗೆ ದಾವೆ ಹೂಡಲು ಗೊತ್ತಾದ ದಿನದಿಂದ ಮೂರೇ ವರ್ಷ. ಇನ್ನು ಅಪ್ಪ ಬದುಕಿರುವಾಗಲೇ ಅವನ ಸ್ವಯಾರ್ಜಿತದಲ್ಲಿ ‘ಮುಂದೆ ಬರುವ ಪಾಲು ನನಗೆ ಬೇಡ’ ಎಂದು ಬರೆಸಿಕೊಂಡ ಕಾಗದಕ್ಕೆ ಸಾಮಾನ್ಯವಾಗಿ ಬೆಲೆಯಿಲ್ಲ: ಇನ್ನೂ ಹುಟ್ಟದ ಹಕ್ಕನ್ನು ಬಿಟ್ಟುಕೊಡಲು ಬರುವುದಿಲ್ಲ.

ಅಣ್ಣಂದಿರೆಲ್ಲ ದುರಾಸೆಯವರು ಎಂದು ಬರೆದರೆ ತಪ್ಪಾಗುತ್ತದೆ. ಹೆಸರು ಹೆಚ್ಚಿದಷ್ಟೂ ಜಂಟಿ ಖಾತೆಯ ಕಷ್ಟ ಹೆಚ್ಚು. ಬೆಳೆಸಾಲಕ್ಕೆ ಬ್ಯಾಂಕಿನವರು ಎಲ್ಲರ ಸಹಿ ಕೇಳುತ್ತಾರೆ. ಉಳುವವನು ಒಬ್ಬ, ಸಹಿ ಹಾಕಬೇಕಾದವರು ನಾಲ್ಕು ಊರಲ್ಲಿ. ಜಂಟಿ ಖಾತೆ ಮಾಡಿ ಅಲ್ಲಿಗೇ ಬಿಟ್ಟರೆ ಈ ಸಮಸ್ಯೆ ಮೊಮ್ಮಕ್ಕಳ ಕಾಲಕ್ಕೆ ಹತ್ತು ಪಟ್ಟಾಗುತ್ತದೆ. ಪರಿಹಾರ ಹೆಸರು ಬಿಡುವುದಲ್ಲ, ಪೌತಿಯ ಬೆನ್ನಿಗೇ ವಿಭಾಗ ಮಾಡಿಕೊಳ್ಳುವುದು: ಸರ್ವೆ ಇಲಾಖೆಯಿಂದ ಪಾಲು ಗುರುತಿಸುವ 11ಇ ನಕ್ಷೆ, ನೋಂದಾಯಿತ ವಿಭಾಗ ಪತ್ರ, ಆಮೇಲೆ ಪೋಡಿ, ಅಂದರೆ ಪ್ರತಿ ಪಾಲಿಗೂ ಬೇರೆ ಹಿಸ್ಸಾ ನಂಬರು. ನಕ್ಷೆಯಲ್ಲಿ ದಾರಿ ಮತ್ತು ಬೋರ್‌ವೆಲ್ ಯಾರ ಪಾಲಿಗೆ ಎಂದು ಬರೆಸದಿದ್ದರೆ ತಂಗಿಗೆ ಬರುವುದು ಹೋಗಲು ದಾರಿಯಿಲ್ಲದ ಮೂಲೆ ತುಂಡು.

ತನ್ನನ್ನು ಬಿಟ್ಟು ಅರ್ಜಿ ಹೋಗಿದೆ ಎಂದು ಗೊತ್ತಾದರೆ ನೋಟಿಸ್ ಅವಧಿಯೊಳಗೆ ಲಿಖಿತ ತಕರಾರು ಕೊಟ್ಟು, ಅದಕ್ಕೆ ಸ್ವೀಕೃತಿ ಪಡೆಯಬೇಕು. ಬಾಯಲ್ಲಿ ಹೇಳಿ ಬಂದದ್ದು ತಕರಾರು ಅಲ್ಲ ಎಂದೇ ತಿಳಿಯಿರಿ. ತಕರಾರು ಬಿದ್ದರೆ ಕಡತ ವಿವಾದಿತ ಪ್ರಕರಣಗಳ ವಹಿಗೆ ಹೋಗುತ್ತದೆ, ವಿಚಾರಣೆ ಆಗುತ್ತದೆ. ಖಾತೆ ಆಗಿಯೇ ಹೋಗಿದ್ದರೆ ಭೂಕಂದಾಯ ಕಾಯ್ದೆಯ 136(2)ನೇ ಕಲಂ ಪ್ರಕಾರ ಉಪವಿಭಾಗಾಧಿಕಾರಿಗೆ ಮೇಲ್ಮನವಿ, 60 ದಿನ. ತಡವಾಗಿದ್ದರೆ ಕಾರಣ ಹೇಳುವ ಅರ್ಜಿ ಜೊತೆಗಿರಲಿ. ಅದರ ಮೇಲೆ ಜಿಲ್ಲಾಧಿಕಾರಿ. ಅಲ್ಲಿ ಸೋತರೂ ಎಲ್ಲ ಮುಗಿಯಿತು ಎಂದಲ್ಲ. ಖಾತೆ ಹಕ್ಕಿನ ಮೂಲವಲ್ಲ. ಪಹಣಿಯ ನಮೂದು ಸರಿ ಎಂದು 133ನೇ ಕಲಂ ಊಹಿಸಿಕೊಳ್ಳುತ್ತದೆ ಅಷ್ಟೆ, ಬೇರೆ ಸಾಕ್ಷ್ಯದಿಂದ ಅದನ್ನು ಸುಳ್ಳು ಮಾಡಬಹುದು.

ಹಾಗೆ ಸುಳ್ಳು ಮಾಡುವ ಜಾಗ ಸಿವಿಲ್ ಕೋರ್ಟು. ವಿಭಾಗದ ದಾವೆ ದುಬಾರಿ ಎಂಬ ಭಯ ಅರ್ಧ ಸುಳ್ಳು. ಜಂಟಿ ಸ್ವಾಧೀನದಲ್ಲಿದ್ದೇನೆ ಎಂದು ಹೂಡುವ ದಾವೆಗೆ ಕೋರ್ಟ್ ಶುಲ್ಕ ಕಾಯ್ದೆಯ 35(2)ನೇ ಕಲಂ ಪ್ರಕಾರ ಗರಿಷ್ಠ ಶುಲ್ಕ 200 ರೂಪಾಯಿ. ವಕೀಲರ ಫೀಸಿಗೂ ದಾರಿ ಇದೆ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗಬೇಕು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಸಮಿತಿ ಇರುತ್ತದೆ, ಸಹಾಯವಾಣಿ 15100. ದುಬಾರಿಯಾಗುವುದು ಕಾಲ. ಮೊದಲು ಪ್ರಾಥಮಿಕ ಡಿಕ್ರಿ, ಅದರಲ್ಲಿ ‘ನಾಲ್ಕರಲ್ಲಿ ಒಂದು ಪಾಲು’ ಎಂದಿರುತ್ತದೆ, ಯಾವ ಮೂಲೆ ಎಂದಿರುವುದಿಲ್ಲ. ಬಹಳ ಜನ ಗೆದ್ದೆವೆಂದು ಅಲ್ಲಿಗೇ ಮನೆಗೆ ಹೋಗುತ್ತಾರೆ. ಅಂತಿಮ ಡಿಕ್ರಿ ಆಗಿ, ಕಂದಾಯ ಜಮೀನನ್ನು ಜಿಲ್ಲಾಧಿಕಾರಿಯ ಮೂಲಕ ಅಳೆದು ಹಂಚುವವರೆಗೆ ಗುಂಟೆಯೂ ಕೈಗೆ ಬಾರದು. ಮಧ್ಯೆ ಮಾರಾಟ ತಡೆಯಲು ತಾತ್ಕಾಲಿಕ ನಿರ್ಬಂಧಕಾಜ್ಞೆ ಸಿಕ್ಕರೆ ಅದರ ಪ್ರತಿಯನ್ನು ತಹಶೀಲ್ದಾರರಿಗೆ ಕೊಟ್ಟು ಪಹಣಿಯ 11ನೇ ಕಾಲಂನಲ್ಲಿ ನಮೂದು ಮಾಡಿಸಬೇಕು. ಕೊಳ್ಳಲು ಬಂದವನು ಮೊದಲು ನೋಡುವುದು ಅದನ್ನೇ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಶುಲ್ಕ ವಾಪಸು, ವಿಲೇವಾರಿ ಬೇಗ, ಆದರೆ ಮೇಲ್ಮನವಿ ಇಲ್ಲ. ಅಲ್ಲಿಯ ಸಹಿಯೂ ಬಿಡುಗಡೆ ಪತ್ರದ ಸಹಿಯಷ್ಟೇ ಭಾರ.

ಸಮಾನತೆಯ ಹೊದಿಕೆ ಎಲ್ಲರನ್ನೂ ಇನ್ನೂ ಮುಚ್ಚಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2(2)ನೇ ಕಲಂ ಪರಿಶಿಷ್ಟ ಪಂಗಡಗಳನ್ನು ಹೊರಗಿಟ್ಟಿದೆ. ಅವರ ಹೆಣ್ಣುಮಕ್ಕಳಿಗೆ ಇದರಡಿ ಹಕ್ಕು ಇಲ್ಲವೆಂದ ಸುಪ್ರೀಂ ಕೋರ್ಟೇ 2022ರ ಡಿಸೆಂಬರ್‌ನಲ್ಲಿ, ಆ ಕಲಂ ಮರುಪರಿಶೀಲಿಸಿ ಎಂದು ಕೇಂದ್ರಕ್ಕೆ ಹೇಳಿತು. ಮುಸ್ಲಿಂ ಉತ್ತರಾಧಿಕಾರದಲ್ಲಿ ಮಗಳದು ಮಗನ ಅರ್ಧ. ಹಿಂದೂ ಕಾಯ್ದೆಯಲ್ಲೇ ಅಪ್ಪ ಉಯಿಲು ಬರೆದು ತನ್ನ ಪಾಲನ್ನೆಲ್ಲ ಗಂಡುಮಗನಿಗೆ ಕೊಟ್ಟರೆ ಕೇಳುವಂತಿಲ್ಲ. ಗಂಡ, ಮಕ್ಕಳು ಇಲ್ಲದ ಹೆಣ್ಣು ಉಯಿಲಿಲ್ಲದೆ ತೀರಿಕೊಂಡರೆ ಅವಳು ಸ್ವಂತ ದುಡಿದು ಕೊಂಡ ಸೈಟು 15ನೇ ಕಲಂ ಪ್ರಕಾರ ಅಪ್ಪ ಅಮ್ಮನಿಗಿಂತ ಮೊದಲು ಗಂಡನ ಕಡೆಯವರಿಗೆ ಹೋಗುತ್ತದೆ. ಗಂಡಸಿನ ಆಸ್ತಿಗೆ ಇಂಥ ನಿಯಮವಿಲ್ಲ. ಸ್ವಂತ ಆಸ್ತಿ ಇರುವ ಹೆಣ್ಣುಮಕ್ಕಳು ಒಂದು ಉಯಿಲು ಬರೆದಿಡುವುದು ಈಗಿರುವ ಸುಲಭದ ಮದ್ದು.

ಖಾತೆ ಆಯಿತು ಎಂಬ ಸಂದೇಶ ಬಂದ ಮೇಲೂ ಹೊಸ ಪಹಣಿ ತೆಗೆಸಿ ನೋಡಿ. 9ನೇ ಕಾಲಂನಲ್ಲಿ ಎಲ್ಲರ ಹೆಸರೂ ಇದೆಯೇ, 10ರಲ್ಲಿ ಎಂ.ಆರ್. ನಂಬರು ಇದೆಯೇ, ಒಂದೇ ಸರ್ವೆ ನಂಬರಿಗೆ ಮಾಡಿ ಉಳಿದವನ್ನು ಬಿಟ್ಟಿದ್ದಾರೆಯೇ? ಮಗಳ ಹೆಸರಿನ ಮುಂದೆ ‘ಕೋಂ’ ಎಂದು ಗಂಡನ ಹೆಸರು ಮಾತ್ರ ಇದ್ದರೆ ಅಪ್ಪನ ಹೆಸರು ಸೇರಿಸಲು ಆಗಲೇ ತಿದ್ದುಪಡಿ ಅರ್ಜಿ ಕೊಡಿ. ಇಲ್ಲದಿದ್ದರೆ ಮುಂದೊಂದು ದಿನ ಅವಳ ಮಕ್ಕಳು ಪೌತಿಗೆ ಹೋದಾಗ, ಈ ಮನೆಗೆ ನಿಮ್ಮ ತಾಯಿ ಏನಾಗಬೇಕು ಎಂದು ಕೌಂಟರಿನವರು ಮತ್ತೆ ಮೊದಲಿನಿಂದ ಕೇಳುತ್ತಾರೆ.